ಬಾಡಿಗೆ ಮನೆಯ ಗೋಡೆಗಳು ಮತ್ತು ಮನಸ್ಸಿನ ನೆಮ್ಮದಿ

ಮೇ ತಿಂಗಳು ಮುಗಿದು ಜೂನ್ ಬಂತೆಂದರೆ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು ಯಜಮಾನರ ವರ್ಗಾವಣೆ, ಇನ್ನೊಂದು ಮಕ್ಕಳ ಕಾಲೇಜು. ಎರಡರಲ್ಲಿ ಯಾವುದೇ ಆಗಲಿ, ಪರವೂರಿನಲ್ಲಿ ಒಂದು ಮನೆಯನ್ನೋ ಕೋಣೆಯನ್ನೋ ಹುಡುಕುವುದು ತಪ್ಪದು. ಆಗ ಎಲ್ಲರೂ ಕೇಳುವ ಪ್ರಶ್ನೆಗಳು ಇಷ್ಟೇ: ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಹೇಗೆ, ಬಸ್ ನಿಲ್ದಾಣ ಎಷ್ಟು ದೂರ. ಇವಕ್ಕೆ ಉತ್ತರ ದೊರೆತರೆ ಹಾಲುಕ್ಕಿಸಿ ಒಳಗೆ ಹೋಗುವುದು ರೂಢಿ. ಆ ಮನೆಯಲ್ಲಿ ಮನಸ್ಸು ಹೇಗಿದ್ದೀತು ಎಂದು ಕೇಳುವವರು ಅಪರೂಪ.

ಶರೀರಕ್ಕೆ ರೋಗ ಬಂದರೆ ನೀರನ್ನು, ಗಾಳಿಯನ್ನು, ಆಹಾರವನ್ನು ದೂರುತ್ತಾರೆ. ಮನಸ್ಸು ಕೆಟ್ಟರೆ ಗ್ರಹಚಾರವನ್ನೋ, ಸೊಸೆಯ ಸ್ವಭಾವವನ್ನೋ, ಯಾರದೋ ಕೆಟ್ಟ ದೃಷ್ಟಿಯನ್ನೋ ದೂರುತ್ತಾರೆ. ಗೋಡೆಯನ್ನು ದೂರಿದವರನ್ನು ನಾನು ಕಂಡಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಒಟ್ಟು ಹದಿನಾಲ್ಕು ವರ್ಷ ಬಾಡಿಗೆಗೆ ಇದ್ದು ಸಂಸಾರ ನಡೆಸಿದವಳು ನಾನು. ಆ ಅನುಭವದ ಬಲದಿಂದ ಗೋಡೆಯ ಮೇಲಿನ ದೂರನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿ ಸೀಮೆ. ಯಜಮಾನರು ಪಶುಸಂಗೋಪನಾ ಇಲಾಖೆಯ ನೌಕರರು. 1995ರಲ್ಲಿ ಅವರಿಗೆ ಬಂಟ್ವಾಳಕ್ಕೆ ವರ್ಗವಾಯಿತು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅಲ್ಲಿ ಬೀಳುವುದು ಸುಮಾರು 4000 ಮಿಲಿಮೀಟರ್, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಈ ಅಂಕಿಗಳನ್ನು ಪುಸ್ತಕದಲ್ಲಿ ಓದುವುದು ಬೇರೆ, ಒಂದು ಬಾಡಿಗೆ ಮನೆಯೊಳಗೆ ಕುಳಿತು ಅನುಭವಿಸುವುದು ಬೇರೆ.

ಬಂಟ್ವಾಳ ನೇತ್ರಾವತಿಯ ದಂಡೆಯ ಹಳೆಯ ವ್ಯಾಪಾರದ ಊರು. ನಮಗೆ ದೊರೆತದ್ದು ಪೇಟೆಯ ಅಂಗಡಿಗಳ ಹಿಂಬದಿಯ ಒಂದು ಹಂಚಿನ ಮನೆ. ಅಲ್ಲಿಯವರು ಅದನ್ನು ‘ಬಿಡಾರ’ ಎನ್ನುತ್ತಿದ್ದರು. ಆ ಮಾತಿನಲ್ಲಿಯೇ ಇಂದು ಇದ್ದು ನಾಳೆ ಎದ್ದುಹೋಗುವವರ ಜಾಗ ಎಂಬ ಧ್ವನಿಯಿದೆ. ಗೋಡೆ ಕೆಂಪುಕಲ್ಲಿನದು. ಅದು ಗಟ್ಟಿಯಾದ ಕಲ್ಲು ನಿಜ, ಆದರೆ ಹೊರಗಿನ ಗಾರೆ ಬಿರುಕು ಬಿಟ್ಟರೆ ನೀರನ್ನು ಹೀರಿಕೊಳ್ಳುತ್ತದೆ. ಜೂನ್ ಮೂರನೆಯ ವಾರದ ಹೊತ್ತಿಗೆ ನೆಲದಿಂದ ಒಂದು ಮೊಳ ಎತ್ತರದವರೆಗೆ ಗೋಡೆ ಕಪ್ಪಾಯಿತು. ಜುಲೈಯಲ್ಲಿ ಅದರ ಮೇಲೆ ಹಸಿರು ಬಂತು. ಊರಿನಿಂದ ತಂದ ಜೋಳದ ಹಿಟ್ಟು ಗಂಟುಗಟ್ಟಿತು, ಪೆಟ್ಟಿಗೆಯಲ್ಲಿದ್ದ ಮದುವೆಯ ಸೀರೆಗೆ ಬೂಷ್ಟು ಹಿಡಿಯಿತು, ವಿಭೂತಿಯ ಗಟ್ಟಿ ಕೈಗೆ ಮೆತ್ತುವಂತಾಯಿತು. ಒಗೆದ ಬಟ್ಟೆ ನಾಲ್ಕು ದಿನ ಒಣಗುತ್ತಿರಲಿಲ್ಲ. ಇಷ್ಟಲಿಂಗಪೂಜೆಗೆ ಗುಡಿ ಬೇಕಿಲ್ಲ, ಅಂಗೈಯೇ ಸಾಕು ಎಂಬುದು ನಮಗೆಲ್ಲ ತಿಳಿದದ್ದೇ. ಆದರೆ ಕುಳಿತುಕೊಳ್ಳಲು ಒಂದು ಒಣ ಮೂಲೆಯಾದರೂ ಬೇಡವೇ? ಆ ಮನೆಯಲ್ಲಿ ಮಣೆಯ ಸ್ಥಾನವನ್ನು ಒಂದೇ ಮಳೆಗಾಲದಲ್ಲಿ ಐದು ಸಲ ಬದಲಿಸಿದೆ. ನಮ್ಮನ್ನು ನೋಡಲು ಬಂದ ಅತ್ತೆಯವರು ಗೋಡೆಯನ್ನು ಮುಟ್ಟಿ ನೋಡಿ, “ಏನವ್ವಾ, ಈ ಮನಿಯಾಗ ಗ್ವಾಡಿನೂ ಬೆವರತಾವಲ್ಲ!” ಎಂದು ಬೆರಗಾದರು. ಮೂರು ದಿನವಿದ್ದು ಊರಿಗೆ ಹೊರಟರು.

ಮಾಡು ಸೋರುತ್ತಿತ್ತು. ಹಂಚಿನ ಮನೆಗೆ ಸೋರಿಕೆ ದೊಡ್ಡ ರೋಗವಲ್ಲ. ಬೇಸಗೆಯಲ್ಲಿ ಒಮ್ಮೆ ಮಾಡು ಕೈಯಾಡಿಸಿ, ಒಡೆದ ಹಂಚು ತೆಗೆದು ಹೊಸದು ಹೊದೆಸಿದರೆ ಮುಗಿಯಿತು. ಆದರೆ ಆ ಕೆಲಸವನ್ನು ಮಾಡಿಸಬೇಕಾದವರು ಮನೆಯ ಒಡೆಯರು. ಮಳೆ ಹಿಡಿದ ಮೇಲೆ ಕೇಳಿದರೆ “ಈಗ ಮಾಡಿಗೆ ಹತ್ತುವ ಹಾಗಿಲ್ಲ, ಮಳೆಗಾಲ ಕಳೆಯಲಿ” ಎನ್ನುತ್ತಿದ್ದರು. ಮಳೆಗಾಲ ಕಳೆದ ಮೇಲೆ ಕೇಳಿದರೆ “ಈಗ ಎಲ್ಲಿ ಸೋರುತ್ತದೆ ಮಾರಾಯ್ರೇ?” ಎನ್ನುತ್ತಿದ್ದರು. ನಾವೇ ಹಂಚು ತಂದು ಹಾಕಿಸುತ್ತೇವೆ ಎಂದರೂ ಒಪ್ಪಿಗೆ ಇರಲಿಲ್ಲ. ಬಾಡಿಗೆದಾರರು ಖರ್ಚು ಮಾಡಿದರೆ ನಾಳೆ ಹಕ್ಕು ಕೇಳಿಯಾರು ಎಂಬ ಭಯ ಅವರದು.

ಹೀಗೆ ಮೂರು ಮಳೆಗಾಲ ಕಳೆಯಿತು. ರಾತ್ರಿ ಪಾತ್ರೆಗೆ ಬೀಳುವ ಹನಿಗಳನ್ನು ಎಣಿಸುವುದು ಮೊದಲು ಬೇಸರ ಕಳೆಯುವ ಆಟವಾಗಿತ್ತು, ಬರಬರುತ್ತ ಬಿಡಲಾರದ ಚಟವಾಯಿತು. ಮಳೆ ನಿಂತ ರಾತ್ರಿಯೂ ನಿದ್ರೆ ಬರುತ್ತಿರಲಿಲ್ಲ. ಹಸಿವು ಹೋಯಿತು. ನಾಲ್ಕು ವರ್ಷದ ಮಗಳು ಏನೋ ಕೇಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಇದರ ಮೇಲೆ ಹೊಳೆಯ ಭಯ ಬೇರೆ. ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ಜಗಲಿಯ ಕಂಬದ ಮೇಲೆ 1974ರ ನೆರೆ ಎಲ್ಲಿಯವರೆಗೆ ಏರಿತ್ತೆಂದು ಬೊಟ್ಟಿಟ್ಟು ತೋರಿಸಿದ್ದರು. ಅವರ ತಂದೆಯವರು 1923ರ ದೊಡ್ಡ ನೆರೆಯನ್ನು ಕಂಡವರಂತೆ. ನೆರೆಯನ್ನು ತುಳುವಿನಲ್ಲಿ ‘ಬೊಳ್ಳ’ ಎನ್ನುತ್ತಾರೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ಜುಲೈಯಲ್ಲಿ ಹೊಳೆ ಏರಿತು, ಇಳಿಯಿತು ಎಂಬ ಸುದ್ದಿಯೇ ಊರಿನ ಮಾತು. ಸ್ವಂತ ಮನೆಯವರಿಗೆ ಅದು ಹಳೆಯ ಪರಿಚಯದ ಭಯ, ಅವರಿಗೆ ಅಟ್ಟವಿತ್ತು, ದೋಣಿಯವರ ನೆಂಟಿತ್ತು, ಎತ್ತರದಲ್ಲಿ ಬಂಧುಗಳ ಮನೆಯಿತ್ತು. ಪರವೂರಿನಿಂದ ಬಂದು ಬಿಡಾರ ಹೂಡಿದವರಿಗೆ ಇವಾವುವೂ ಇರಲಿಲ್ಲ.

ಕೊನೆಗೆ 1998ರಲ್ಲಿ ಯಜಮಾನರು ನನ್ನನ್ನು ಮಂಗಳೂರಿನ ಒಬ್ಬ ಮನೋವೈದ್ಯರ ಬಳಿಗೆ ಕರೆದೊಯ್ದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಊರಿನ ಬಂಧುಗಳಿಗೆ ‘ಕಣ್ಣಿನ ಡಾಕ್ಟರು’ ಎಂದು ಹೇಳಿದ್ದೆವು. ಆ ವೈದ್ಯರು ನನ್ನ ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ಆಮೇಲೆ ನಾನು ನಿರೀಕ್ಷಿಸದ ಪ್ರಶ್ನೆಗಳನ್ನು ಕೇಳಿದರು: ಮನೆ ಸ್ವಂತದ್ದೋ, ಬಾಡಿಗೆಯದ್ದೋ? ಮಲಗುವ ಕೋಣೆಗೆ ಕಿಟಕಿ ಉಂಟೋ? ಹಗಲು ದೀಪ ಹಾಕದೆ ಅಕ್ಕಿ ಆರಿಸಲು ಆಗುತ್ತದೆಯೋ? ಕೊನೆಗೆ ಹೇಳಿದರು: “ನಿಮ್ಮದು ಖಿನ್ನತೆ. ಮಾತ್ರೆ ಕೊಡುತ್ತೇನೆ, ತಪ್ಪಿಸಬೇಡಿ. ಆದರೆ ಆ ಮಾಡು ರಿಪೇರಿ ಆಗದೆ ನಿಮಗೆ ನೆಮ್ಮದಿಯ ನಿದ್ರೆ ಬರುವುದು ಕಷ್ಟ. ಅದನ್ನು ಯಜಮಾನರು ನೋಡಿಕೊಳ್ಳಬೇಕು.”

ಮಾತ್ರೆಗಳಿಂದ ಗುಣ ಕಂಡಿತು. ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು, ಏಕೆಂದರೆ ಮನಸ್ಸಿನ ಕಾಯಿಲೆಗೆ ಔಷಧಿಯಿಲ್ಲವೆಂದು ನಂಬಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಯಜಮಾನರು ವೈದ್ಯರ ಚೀಟಿಯನ್ನೇ ತೋರಿಸಿ ಒಡೆಯರ ಒಪ್ಪಿಗೆ ಪಡೆದರು. ‘ಖರ್ಚಿನ ಮೇಲೆ ಯಾವ ಹಕ್ಕೂ ಕೇಳುವುದಿಲ್ಲ’ ಎಂದು ಬರೆದುಕೊಟ್ಟು ಇಪ್ಪತ್ತೆರಡು ಹಂಚುಗಳನ್ನು ಬದಲಿಸಿದರು. ಗೋಡೆಯ ತೇವ ಹಾಗೆಯೇ ಇತ್ತು, ಹೊಳೆಯೂ ಅಲ್ಲಿಯೇ ಇತ್ತು. ಆದರೂ ಆ ರಾತ್ರಿ ನಾನು ಬೆಳಗಿನವರೆಗೆ ಮಲಗಿದೆ. ಹನಿ ನಿಂತದ್ದಕ್ಕಿಂತ ಹೆಚ್ಚಾಗಿ, ನಾವು ಬೇಕೆಂದದ್ದೊಂದು ಆ ಮನೆಯಲ್ಲಿ ನಡೆಯಿತಲ್ಲ ಎಂಬುದೇ ನನ್ನನ್ನು ಮಲಗಿಸಿತೆಂದು ತೋರುತ್ತದೆ.

ಈ ಅನಿಸಿಕೆಗೆ ಆಧಾರ ದೊರೆತದ್ದು ಬಹಳ ವರ್ಷಗಳ ತರುವಾಯ. ವಿಶ್ವ ಆರೋಗ್ಯ ಸಂಸ್ಥೆಯವರು ಯುರೋಪಿನ ಎಂಟು ನಗರಗಳಲ್ಲಿ ಮನೆಗಳ ಸ್ಥಿತಿಯನ್ನೂ ಅಲ್ಲಿ ವಾಸಿಸುವವರ ಆರೋಗ್ಯವನ್ನೂ ಒಟ್ಟಿಗೆ ಸಮೀಕ್ಷೆ ಮಾಡಿದ್ದರು. ಅದರಲ್ಲಿನ ಸುಮಾರು 6000 ವಯಸ್ಕರ ಮಾಹಿತಿಯನ್ನು ಆಧರಿಸಿ ಅಮೆರಿಕದ ಎಡ್ಮಂಡ್ ಶೆನಾಸಾ ಮತ್ತು ಸಂಗಡಿಗರು 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಖಿನ್ನತೆ ಹೆಚ್ಚಾಗಿ ಕಂಡುಬಂತು. ಅದಕ್ಕೆ ಎರಡು ದಾರಿಗಳನ್ನು ಅವರು ಗುರುತಿಸಿದರು. ಒಂದು, ತೇವದಿಂದ ಬರುವ ಶರೀರದ ಕಾಯಿಲೆಗಳು. ಇನ್ನೊಂದು, ನನ್ನ ಮನೆ ನನ್ನ ಹಿಡಿತದಲ್ಲಿಲ್ಲ ಎಂಬ ಭಾವನೆ. ಇಂಥ ಒಂದು ಅಧ್ಯಯನದಿಂದ ಇದೇ ಕಾರಣವೆಂದು ಸಾಧಿಸಿದಂತೆ ಆಗುವುದಿಲ್ಲ ಎಂಬುದು ನಿಜ. ಆದರೂ ಆ ಎರಡನೆಯ ದಾರಿಯ ಮಾತನ್ನು ಮಗಳು ಓದಿ ಹೇಳಿದಾಗ ನನಗೆ ಕಂಡದ್ದು ಆ ಇಪ್ಪತ್ತೆರಡು ಹಂಚುಗಳು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಸತಿ ಮತ್ತು ಆರೋಗ್ಯದ ಬಗ್ಗೆ ಮಾರ್ಗಸೂಚಿಗಳನ್ನೇ ಹೊರಡಿಸಿತು. ಮನೆಯೊಳಗಿನ ಜನದಟ್ಟಣೆ ಶರೀರಕ್ಕೆ ಮಾತ್ರವಲ್ಲ, ಮನಸ್ಸಿಗೂ ಕೆಡುಕು ಎಂದು ಅದರಲ್ಲಿ ಹೇಳಿದೆ.

ಒಣಗಿದ ಮನೆ ಸಿಕ್ಕಿದರೆ ಎಲ್ಲವೂ ಸರಿಹೋಗುತ್ತದೆಯೇ? 1999ರಲ್ಲಿ ಬೆಳ್ತಂಗಡಿಗೆ ಹೋದಾಗ ಅದಕ್ಕೂ ಉತ್ತರ ದೊರೆಯಿತು. ಅಲ್ಲಿನ ಮನೆ ತಾರಸಿಯದು, ಮಹಡಿಯ ಮೇಲೆ, ಎರಡು ದೊಡ್ಡ ಕಿಟಕಿಗಳು. ಒಂದರಲ್ಲಿ ಗಡಾಯಿಕಲ್ಲು ಕಾಣುತ್ತಿತ್ತು. ಒಂದು ಹನಿ ಸೋರುತ್ತಿರಲಿಲ್ಲ. ಕೆಳಗೆ ಮನೆಯ ಒಡೆಯರ ಸಂಸಾರ. ಹೋದ ಎರಡನೆಯ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಒಡತಿ ಮೆಟ್ಟಿಲೇರಿ ಬಂದರು. “ಬೆಳಗ್ಗೆ ಬೆಳಗ್ಗೆ ಎಂತ ಬಡಿಯುವುದು ನೀವು? ನಮ್ಮ ತಲೆಯ ಮೇಲೆಯೇ ಬಡಿದ ಹಾಗೆ ಆಗ್ತದೆ” ಎಂದರು. ಅವರ ಮಾತೇನೂ ಸುಳ್ಳಲ್ಲ. ನಮ್ಮ ಕಡೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಆ ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಅರ್ಥ, ಅದು ಅವರಿಗೆ ತಿಳಿಯುವುದಾದರೂ ಹೇಗೆ? ಅಂದಿನಿಂದ ರೊಟ್ಟಿಯನ್ನು ಲಟ್ಟಿಸತೊಡಗಿದೆ. ಬಳಿಕ ನೀರಿನ ಮಾತು ಬಂತು, ದಿನಕ್ಕೆ ಹದಿನೈದು ನಿಮಿಷ ಮಾತ್ರ ಪಂಪು. ಊರಿನಿಂದ ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆಂದು ವಿಚಾರಣೆ. ಮನೆಯ ಎರಡನೆಯ ಬೀಗದ ಕೈ ಅವರಲ್ಲಿಯೇ ಇತ್ತು. ನಾವು ಊರಿಗೆ ಹೋಗಿ ಬಂದಾಗ ಒಳಗಿನ ವಸ್ತುಗಳು ಸ್ವಲ್ಪ ಜರುಗಿರುತ್ತಿದ್ದವು. ಏನೂ ಕಳವಾಗುತ್ತಿರಲಿಲ್ಲ, ಯಾರೋ ಬಂದು ನೋಡಿ ಹೋಗಿದ್ದಾರೆಂದು ಮಾತ್ರ ತಿಳಿಯುತ್ತಿತ್ತು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿಯುತ್ತಿತ್ತು, ಒಂಬತ್ತನೆಯ ತಿಂಗಳಿಂದಲೇ ನನ್ನ ಎದೆಯಲ್ಲಿ ಲೆಕ್ಕ ಆರಂಭವಾಗುತ್ತಿತ್ತು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾಗುವುದರಿಂದ ಈ ಹನ್ನೊಂದು ತಿಂಗಳ ಪದ್ಧತಿ ದೇಶದ ತುಂಬ ಬೆಳೆದುಬಂದಿದೆ. ಕಾಗದದ ಮೇಲೆ ಅದೊಂದು ಅನುಕೂಲ. ಮಗುವನ್ನು ಶಾಲೆಗೆ ಹಚ್ಚಿದ ತಾಯಿಗೆ ಅದು ವರ್ಷವರ್ಷವೂ ಬರುವ ಪರೀಕ್ಷೆ.

ನಾನು ಮನೆಯಲ್ಲಿ ತುದಿಗಾಲಿನ ಮೇಲೆ ನಡೆಯುತ್ತಿದ್ದೆ. ಮಗಳಿಗೆ ‘ಓಡಬೇಡ, ಕೆಳಗೆ ಕೇಳಿಸುತ್ತದೆ’ ಎಂಬ ಮಾತು ಅಭ್ಯಾಸವಾಗಿಹೋಗಿತ್ತು. ಅವಳು ಮೂರನೆಯ ತರಗತಿಯಲ್ಲಿದ್ದಾಗ ಶಾಲೆಯ ಅಧ್ಯಾಪಕಿಯೊಬ್ಬರು ನಮ್ಮನ್ನು ಕರೆಸಿ, “ನಿಮ್ಮ ಮಗಳು ಬುದ್ಧಿವಂತೆ, ಆದರೆ ಉತ್ತರವನ್ನು ಪಿಸುಮಾತಿನಲ್ಲಿ ಹೇಳುತ್ತಾಳೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ?” ಎಂದು ಕೇಳಿದರು. ಹುಷಾರಿಲ್ಲದ್ದು ಮನೆಗೇ. ಬಂಟ್ವಾಳದ ಸೋರುವ ಬಿಡಾರದಲ್ಲಿ ಗಟ್ಟಿಯಾಗಿ ಹಾಡುತ್ತಿದ್ದ ಮಗು, ಬೆಳ್ತಂಗಡಿಯ ಚೆಂದದ ಮಹಡಿಯಲ್ಲಿ ದನಿ ಕಳೆದುಕೊಂಡಿತ್ತು.

ನಮ್ಮ ಹಿಂದಿನ ಸಾಲುಮನೆಯಲ್ಲಿ ಬೀಡಿ ಕಟ್ಟುವ ಒಬ್ಬ ಹೆಣ್ಣುಮಗಳಿದ್ದಳು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನಲ್ಲಿ ಬೀಡಿಯಿಂದ ಒಲೆ ಉರಿಯುವ ಮನೆಗಳು ಬಹಳ. ಅವರಿಗೆ ಮನೆ ಎಂದರೆ ವಾಸದ ಜಾಗ ಮಾತ್ರವಲ್ಲ, ದುಡಿಮೆಯ ಜಾಗವೂ ಹೌದು. ಕಟ್ಟಿದ ಬೀಡಿಗೆ ತೇವ ಹಿಡಿದರೆ ಕೊಡುವಲ್ಲಿ ತೆಗೆದುಹಾಕುತ್ತಾರೆ, ಅಷ್ಟು ಕೂಲಿ ಹೋಯಿತು. ಆದುದರಿಂದ ಆಟಿಯ ಮಳೆಯಲ್ಲಿ ಆಕೆ ಒಲೆಯ ಮೇಲಿನ ತಟ್ಟಿಯಲ್ಲಿ ಬೀಡಿಯ ಕಟ್ಟುಗಳನ್ನಿಟ್ಟು, ಕಿಟಕಿಯಿಲ್ಲದ ಆ ಒಂದೇ ಕೋಣೆಯಲ್ಲಿ ಹೊಗೆ ಕುಡಿಯುತ್ತ ಕೂಡುತ್ತಿದ್ದಳು. “ರಾತ್ರಿ ಎದೆ ಹಿಡಿದ ಹಾಗೆ ಆಗ್ತದೆ ಅಕ್ಕ, ಡಾಕ್ಟ್ರು ಎಂತದ್ದೂ ಇಲ್ಲ ಅಂತಾರೆ” ಎನ್ನುತ್ತಿದ್ದಳು. ಆರು ವರ್ಷಗಳಲ್ಲಿ ನಾಲ್ಕು ಮನೆ ಬದಲಿಸಿದ್ದಳು. ಪಡಿತರ ಚೀಟಿಯ ವಿಳಾಸ ಮಾತ್ರ ಮೊದಲನೆಯ ಮನೆಯದೇ ಇತ್ತು. ನನಗಾದರೂ ಮಂಗಳೂರಿಗೆ ಕರೆದೊಯ್ಯುವವರಿದ್ದರು.

ಈ ಜಿಲ್ಲೆಯ ಹಿರಿಯರಿಗೆ ಒಕ್ಕಲುತನದ ಸಂಕಟ ಹೊಸದಲ್ಲ. ಅವರ ಮಾತಿನಲ್ಲಿ ಇಂದಿಗೂ ‘ಮೂಲಗೇಣಿ’, ‘ಚಾಲಗೇಣಿ’ ಎಂಬ ಎರಡು ಶಬ್ದಗಳಿವೆ. ಮೂಲಗೇಣಿಯ ಒಕ್ಕಲಿಗೆ ಗೇಣಿ ನಿಶ್ಚಿತ, ಭೂಮಿ ಮಕ್ಕಳು ಮೊಮ್ಮಕ್ಕಳವರೆಗೂ ಉಳಿಯುತ್ತಿತ್ತು. ಚಾಲಗೇಣಿಯವನದು ಒಡೆಯನ ಮರ್ಜಿ, ಏಳು ಎಂದರೆ ಏಳಬೇಕು. ಇಬ್ಬರೂ ಅದೇ ಮಣ್ಣನ್ನು ಉತ್ತವರು, ಅದೇ ಮಳೆಯಲ್ಲಿ ನೆನೆದವರು. ಆದರೆ ತೆಂಗಿನ ಸಸಿ ನೆಡುವ ಧೈರ್ಯ ಮೂಲಗೇಣಿಯವನಿಗೆ ಮಾತ್ರ ಇರುತ್ತಿತ್ತೆಂದು ಬೆಳ್ತಂಗಡಿಯ ಒಬ್ಬ ಮುದುಕರು ನನಗೆ ಹೇಳಿದ್ದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ದೇವರಾಜ ಅರಸರ ಕಾಲದಲ್ಲಿ, ಈ ಜಿಲ್ಲೆಯ ಸಾವಿರಾರು ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಮನೆಯ ಬಾಡಿಗೆದಾರರದು ಮಾತ್ರ ಇಂದಿಗೂ ಚಾಲಗೇಣಿಯೇ. ಬಾಡಿಗೆದಾರರೆಲ್ಲ ಮನೆಯ ಒಡೆಯರಾಗಬೇಕೆಂದು ನಾನು ಹೇಳುತ್ತಿಲ್ಲ, ಅದು ನ್ಯಾಯವೂ ಅಲ್ಲ. ಸಸಿ ನೆಡುವಷ್ಟು ಧೈರ್ಯ ಸಿಕ್ಕರೆ ಸಾಕು.

ನೆರೆ ಬಂದಾಗಲೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆಯ ಕಡೆ ಗುಡ್ಡ ಜರಿದು ಹಳ್ಳಗಳು ಉಕ್ಕಿ ಮನೆತೋಟಗಳು ನಾಶವಾದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಒಳ್ಳೆಯದೇ ಆಯಿತು. ಆದರೆ ಮನೆ ಕಟ್ಟಿಕೊಳ್ಳಲು ಕೊಡುವ ಹಣ ಮನೆಯುಳ್ಳವರಿಗೇ ಹೋಗುತ್ತದೆ. ಬಾಡಿಗೆಗೆ ಇದ್ದವರು ಕಳೆದುಕೊಳ್ಳುವುದು ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ. ಹೊಸ ಬಿಡಾರವನ್ನು ಅವರೇ ಹುಡುಕಿಕೊಳ್ಳಬೇಕು.

2003ರಲ್ಲಿ, ಆಗ ಇನ್ನೂ ಮಂಗಳೂರು ತಾಲೂಕಿಗೆ ಸೇರಿದ್ದ ಮೂಡುಬಿದಿರೆಗೆ ಬಂದೆವು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿಂದ ಹೆಸರಾದ ಊರು ಅದು. ಈಗ ವಿದ್ಯೆಯಿಂದಲೂ ಹೆಸರಾಗಿದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿಗಳಿಂದ ಮಕ್ಕಳು ಬರುತ್ತಾರೆ. ಎಲ್ಲರಿಗೂ ವಿದ್ಯಾರ್ಥಿನಿಲಯ ದೊರೆಯುವುದಿಲ್ಲ, ದೊರೆತರೂ ಶುಲ್ಕ ಭರಿಸಲಾಗುವುದಿಲ್ಲ. ಅಂಥವರು ಖಾಸಗಿ ಕೋಣೆಗಳಲ್ಲಿ ಮಂಚಕ್ಕಿಷ್ಟು ಎಂದು ಕೊಟ್ಟು ಇರುತ್ತಾರೆ. ನಮ್ಮ ಬಂಧುಗಳ ಮಗನೊಬ್ಬ ಪಿ.ಯು.ಸಿ.ಗೆ ಬಂದಿದ್ದ. ‘ಮಗ ಫೋನಿನಲ್ಲಿ ಮಾತೇ ಆಡುವುದಿಲ್ಲ, ಒಮ್ಮೆ ನೋಡಿ ಬನ್ನಿರಿ’ ಎಂದು ಅವನ ತಾಯಿ ಬೇಡಿಕೊಂಡರು. ಹೋಗಿ ನೋಡಿದೆ. ಹನ್ನೆರಡು ಅಡಿಗೆ ಹತ್ತು ಅಡಿಯ ಕೋಣೆ, ಐದು ಮಂಚ, ತಲೆಯ ಮೇಲೆತ್ತರದಲ್ಲಿ ಒಂದು ಗೂಡು ಮಾತ್ರ. ಅಡ್ಡ ಹಗ್ಗದ ಮೇಲೆ ಒದ್ದೆ ಬಟ್ಟೆಗಳು. ಹುಡುಗ ಮಂಚದ ಮೇಲೆಯೇ ಓದಬೇಕು, ಅಲ್ಲಿಯೇ ಉಣ್ಣಬೇಕು, ಅಲ್ಲಿಯೇ ಅಳಬೇಕು. ಅಳುವುದಕ್ಕೂ ಮರೆಯಿಲ್ಲದ ಜಾಗ. “ಚಿಗವ್ವಾ, ಓದಿದ್ದು ತಲಿಗೆ ಹತ್ತವಲ್ದು, ನಾ ದಡ್ಡ ಆಗೇನಿ ಅನಸ್ತೈತಿ” ಎಂದ. ಹತ್ತನೆಯ ತರಗತಿಯಲ್ಲಿ ತಾಲೂಕಿಗೆ ಮುಂದಿದ್ದ ಹುಡುಗ ಅವನು.

ಮನೆ ಕಟ್ಟುವವರಿಗೆಂದು ದೇಶಕ್ಕೆಲ್ಲ ಒಂದು ರಾಷ್ಟ್ರೀಯ ಕಟ್ಟಡ ಸಂಹಿತೆಯಿದೆ. ಒಣ ಬಿಸಿಲಿನ ಸೀಮೆಯಲ್ಲಿ ನೆಲದ ವಿಸ್ತೀರ್ಣದ ಹತ್ತನೆಯ ಒಂದು ಪಾಲು ಗಾಳಿ ಬೆಳಕಿನ ಕಂಡಿಗಳಿರಬೇಕು, ತೇವದ ಬಿಸಿ ಸೀಮೆಯಲ್ಲಿ ಆರನೆಯ ಒಂದು ಪಾಲು ಇರಬೇಕು ಎಂದು ಅದು ಹೇಳುತ್ತದೆ. ಅಂದರೆ ನಮ್ಮ ಬೀಳಗಿಗಿಂತ ಮೂಡುಬಿದಿರೆಯಲ್ಲಿ ಕಿಟಕಿ ದೊಡ್ಡದಿರಬೇಕು. ಆ ಕೋಣೆಗೆ ಇಪ್ಪತ್ತು ಚದರಡಿಯ ಕಂಡಿ ಬೇಕಿತ್ತು, ಇದ್ದದ್ದು ಎರಡು ಚದರಡಿ. ಹುಡುಗನನ್ನು ಇಬ್ಬರೇ ಇರುವ, ಕಿಟಕಿಯುಳ್ಳ ಕೋಣೆಗೆ ಬದಲಿಸಿದೆವು. ಬಾಡಿಗೆ ತಿಂಗಳಿಗೆ ಮುನ್ನೂರು ರೂಪಾಯಿ ಹೆಚ್ಚಾಯಿತು. ಕಾಲೇಜಿನ ಆಪ್ತಸಮಾಲೋಚಕರೊಡನೆ ಮಾತನಾಡಿಸಿದೆವು. ಎರಡು ತಿಂಗಳಲ್ಲಿ ಅವನು ಫೋನಿನಲ್ಲಿ ತಾಯಿಯೊಡನೆ ಜಗಳವಾಡತೊಡಗಿದ. ಆ ತಾಯಿ ಜಗಳದ ವಿಷಯವನ್ನು ನನಗೆ ಎಷ್ಟು ಸಂತೋಷದಿಂದ ಹೇಳಿದರೆಂದರೆ!

ಇವರಿಗಿಂತ ಕೆಳಗಿನ ಸ್ಥಿತಿಯಲ್ಲಿರುವವರು ನಮ್ಮ ಕಡೆಯಿಂದಲೇ ಬಂದ ಕೂಲಿಕಾರರು. ಕರಾವಳಿಯವರು ಅವರನ್ನು ‘ಘಟ್ಟದ ಮೇಲಿನವರು’ ಎನ್ನುತ್ತಾರೆ. ಮೂಡುಬಿದಿರೆಯ ಬಹುಮಹಡಿಗಳ ಅಡಿಪಾಯ ತೋಡಿದವರು ಅವರೇ. ತಗಡಿನ ಶೆಡ್ಡು, ಮೇಲೆ ಟಾರ್ಪಾಲು, ಅಗುಳಿಯಿಲ್ಲದ ಬಾಗಿಲು. ಅಗುಳಿಯಿಲ್ಲದ ಬಾಗಿಲಿನ ಹಿಂದೆ ಹರೆಯದ ಮಗಳನ್ನು ಮಲಗಿಸಿಕೊಂಡು ಒಬ್ಬ ತಾಯಿ ಹೇಗೆ ನಿದ್ರಿಸಿಯಾಳು? 1996ರ ಕಟ್ಟಡ ಕಾರ್ಮಿಕರ ಕಾಯಿದೆಯ 34ನೆಯ ಪ್ರಕರಣ ಕೆಲಸದ ಜಾಗದಲ್ಲಿ ಅಥವಾ ಸಮೀಪದಲ್ಲಿ ಕಾರ್ಮಿಕರಿಗೆ ಉಚಿತವಾಗಿ ತಾತ್ಕಾಲಿಕ ವಸತಿ ಒದಗಿಸುವುದನ್ನು ಮಾಲಿಕರ ಹೊಣೆಯಾಗಿಸಿತು. ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಪ್ರತ್ಯೇಕ ಜಾಗವಿರಬೇಕೆಂದೂ ಹೇಳಿತು. ಗುತ್ತಿಗೆ ಹಿಡಿಯುವ ನಮ್ಮ ಸಮಾಜದ ಬಂಧುಗಳೂ ಇದ್ದಾರಾದ್ದರಿಂದ ಈ ಮಾತನ್ನು ಇಲ್ಲಿ ಬರೆದೆ.

ಮನೆ ಬಾಡಿಗೆಗೆ ಕೊಡುವವರೆಲ್ಲ ಕಠಿಣರೆಂದು ತಿಳಿಯಬಾರದು. ನಮ್ಮ ಮೂಡುಬಿದಿರೆಯ ಒಡತಿ ವಿಧವೆ, ಬಾಡಿಗೆಯೇ ಅವರ ಜೀವನಾಧಾರ. ಅವರಿಗೂ ರಾತ್ರಿ ನಿದ್ರೆ ಇರಲಿಲ್ಲ. ಬಾಡಿಗೆದಾರರು ಬಿಡದೆ ಕುಳಿತರೆ ಏನು ಗತಿ ಎಂಬ ಚಿಂತೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಮನೆ ಬಿಡಿಸಲು ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆದವರ ಕಥೆಗಳನ್ನು ಅವರು ಕೇಳಿದ್ದರು. ಆ ಕಾಯಿದೆ ಹೋಗಿ 1999ರ ಕರ್ನಾಟಕ ಬಾಡಿಗೆ ಕಾಯಿದೆ ಬಂದರೂ ಭಯ ಹೋಗಿರಲಿಲ್ಲ. ಹೀಗೆ ಒಂದೇ ಗೋಡೆಯ ಎರಡು ಬದಿಗಳಲ್ಲಿ ಇಬ್ಬರು ಹೆಂಗಸರು ಪರಸ್ಪರ ಹೆದರಿಕೊಂಡು ಎಚ್ಚರವಾಗಿರುತ್ತಿದ್ದೆವು. ಕೊನೆಗೆ ಒಂದು ಸಂಜೆ ಕುಳಿತು ಎಲ್ಲವನ್ನೂ ಮಾತನಾಡಿ ಕಾಗದದ ಮೇಲೆ ಬರೆದೆವು: ಮಗಳ ಹತ್ತನೆಯ ತರಗತಿ ಮುಗಿಯುವವರೆಗೆ ಏಳಿಸುವುದಿಲ್ಲ, ಬಿಡುವಾಗ ಮೂರು ತಿಂಗಳು ಮೊದಲೇ ಹೇಳಬೇಕು, ಬಾಡಿಗೆ ವರ್ಷಕ್ಕೆ ಇಷ್ಟೇ ಏರಬೇಕು. ನೂರು ರೂಪಾಯಿಯ ಛಾಪಾ ಕಾಗದ. ಅದರ ಬಳಿಕ ಆರು ವರ್ಷ ನಮ್ಮಿಬ್ಬರ ನಡುವೆ ಒಂದು ಕಟುಮಾತು ಬರಲಿಲ್ಲ. ಆ ಮನೆಯ ಅಡುಗೆಕೋಣೆಯೂ ಸ್ವಲ್ಪ ಸೋರುತ್ತಿತ್ತು, ಆದರೆ ನನಗೆ ಹನಿ ಎಣಿಸುವ ಚಟ ಮರಳಿ ಬರಲಿಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ರಾಜ್ಯಗಳು ಅನುಸರಿಸಲೆಂದು ಒಂದು ಮಾದರಿ ಬಾಡಿಗೆ ಕಾಯಿದೆಯನ್ನು ಒಪ್ಪಿತು. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ಮೀರಕೂಡದು, ಒಡೆಯರು ಒಳಗೆ ಬರುವುದಾದರೆ 24 ಗಂಟೆ ಮೊದಲೇ ತಿಳಿಸಬೇಕು, ನೀರು ವಿದ್ಯುತ್ತನ್ನು ಕಡಿದು ಏಳಿಸುವಂತಿಲ್ಲ, ಯಾವ ದುರಸ್ತಿ ಯಾರದು ಎಂದು ಮೊದಲೇ ನಿಶ್ಚಯಿಸಬೇಕು ಎಂಬ ಅಂಶಗಳು ಅದರಲ್ಲಿವೆ. ಇದು ಮಾದರಿ ಮಾತ್ರ, ತಾನಾಗಿ ಯಾರನ್ನೂ ಕಟ್ಟಿಹಾಕದು. ಆದರೆ ಇಬ್ಬರು ಒಪ್ಪಿ ತಮ್ಮ ಕರಾರಿನಲ್ಲಿ ಇವನ್ನು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಪರವೂರಿನಲ್ಲಿ ಮನೆ ನೋಡಲು ಹೋಗುವ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ಸಾಧ್ಯವಿದ್ದರೆ ಮಳೆಗಾಲದಲ್ಲಿಯೇ ಮನೆ ನೋಡಿರಿ. ಬೇಸಗೆಯಲ್ಲಿ ನೋಡುವುದಾದರೆ ಗೋಡೆಯ ಬುಡಕ್ಕೆ ಹೊಸ ಬಣ್ಣ ಮಾತ್ರ ಬಳಿದಿದೆಯೇ ಗಮನಿಸಿರಿ, ಹಿಂದಿನ ಬಾಡಿಗೆದಾರರು ಏಕೆ ಬಿಟ್ಟರೆಂದು ಪಕ್ಕದ ಮನೆಯಲ್ಲಿ ಕೇಳಿರಿ. ಮಕ್ಕಳನ್ನು ಕೋಣೆಯಲ್ಲಿರಿಸುವುದಾದರೆ ಒಂದು ರಾತ್ರಿ ಅಲ್ಲಿಯೇ ಉಳಿದು ನೋಡಿರಿ. ಅವರು ಫೋನಿನಲ್ಲಿ ಮೌನವಾದರೆ ಅಂಕಗಳ ವಿಷಯ ಬಿಟ್ಟು ಕೋಣೆಯ ವಿಷಯ ಕೇಳಿರಿ. ನಿದ್ರೆ, ಹಸಿವು ಎರಡು ವಾರ ಸರಿಯಿಲ್ಲದೆ ಹೋದರೆ ವೈದ್ಯರಲ್ಲಿಗೆ ಹೋಗುವುದಕ್ಕೆ ನಾಚಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮನಸ್’ ಎಂಬ ಸರಕಾರಿ ಸೇವೆಯಿದೆ. 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಈಗ ಕಣ್ಣಿನ ಡಾಕ್ಟರ ಹೆಸರು ಹೇಳುವ ಅಗತ್ಯವೂ ಇಲ್ಲ.

2009ರಲ್ಲಿ ಮೂಡುಬಿದಿರೆಯ ಹೊರಬದಿಯಲ್ಲಿಯೇ ನಮ್ಮದೊಂದು ಮನೆಯಾಯಿತು. ಮಗಳು ಈಗ ಹುಬ್ಬಳ್ಳಿಯಲ್ಲಿ ಅಧ್ಯಾಪಕಿ, ದನಿ ಜೋರಾಗಿದೆ. ಮೇಲಿನ ಎರಡು ಕೋಣೆಗಳನ್ನು ಗದಗಿನ ಕಡೆಯ ಒಂದು ಚಿಕ್ಕ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದೇವೆ. ಮೂರು ವರ್ಷದ ಕರಾರು, ನೋಂದಾಯಿಸಿದ್ದೇವೆ. ಎರಡನೆಯ ಬೀಗದ ಕೈಯೂ ಅವರ ಹತ್ತಿರವೇ ಇದೆ. ಬೆಳಿಗ್ಗೆ ಆರೂವರೆಗೆ ತಲೆಯ ಮೇಲೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಬೆಳ್ತಂಗಡಿಯ ಒಡತಿ ಹೇಳಿದ್ದು ಸುಳ್ಳಲ್ಲ, ನಿಜಕ್ಕೂ ತಲೆಯ ಮೇಲೆಯೇ ಬಡಿದಂತಾಗುತ್ತದೆ. ಮೊನ್ನೆ ಆ ಹೆಣ್ಣುಮಗಳು ಬಂದು, “ಅಮ್ಮಾರ, ನಡುಮನಿಗೆ ಬ್ಯಾರೆ ಬಣ್ಣ ಹಚ್ಚಲೇನ್ರಿ?” ಎಂದು ಕೇಳಿದಳು. ಹಚ್ಚು ಎಂದೆ. ಗಂಡಹೆಂಡತಿ ಸೇರಿ ಭಾನುವಾರವೆಲ್ಲ ಹಚ್ಚಿದರು. ಕಣ್ಣು ಕುಕ್ಕುವ ಗಿಳಿಹಸಿರು. ಯಜಮಾನರು ನೋಡಿ ಬಂದು ನನ್ನ ಮುಖ ನೋಡಿದರು. ನನಗೆ ಆ ಬಣ್ಣ ಸ್ವಲ್ಪವೂ ಹಿಡಿಸಿಲ್ಲ. ಅವಳಿಗೆ ಮಾತ್ರ ಹೇಳಿಲ್ಲ.